ನೆಲದ ಮೇಲಣ ಕಾಣದ ಗೆರೆಗಳು

(ಮಣಿಕೊಂಡದಲ್ಲಿ ನಡೆದ ನಮ್ಮ ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ರಾಜ್ಯೋತ್ಸವದ ದಿನ ಮಾತಿಗೆ ನಿಂತವನು ನಾಡುನುಡಿಗಳ ಹಿರಿಮೆಯನ್ನು ಕುರಿತು ಹೇಳಬೇಕೆಂಬುದು ರೂಢಿ. ಆ ಕೆಲಸವನ್ನು ನನಗಿಂತ ಮೊದಲು ಮಾತನಾಡಿದ ಇಬ್ಬರು ಮಹನೀಯರು ನನ್ನಿಂದಾಗದಷ್ಟು ಚೆನ್ನಾಗಿ ನೆರವೇರಿಸಿದ್ದಾರೆ. ನಮ್ಮ ಕಾರ್ಯದರ್ಶಿಗಳು ನನ್ನನ್ನು ಕರೆಯುವಾಗ, "ಮೇಷ್ಟ್ರೇ, ವಿಷಯ ನಿಮ್ಮ ಇಷ್ಟ, ಊಟಕ್ಕೆ ಮಾತ್ರ ತಡವಾಗಬಾರದು" ಎಂದು ಅಪ್ಪಣೆ ಕೊಡಿಸಿದ್ದಾರೆ. ಅಡಿಗೆಮನೆಯ ಕಡೆಯಿಂದ ಹೋಳಿಗೆಯ ವಾಸನೆ ಆಗಲೇ ಬರುತ್ತಿರುವುದರಿಂದ ಪೀಠಿಕೆಯನ್ನು ಬೆಳೆಸುವುದಿಲ್ಲ.

ನಾನು ಹೇಳಹೊರಟಿರುವುದು ಗೆರೆಗಳ ವಿಷಯ. ನೆಲದ ಮೇಲೆ, ನೆಲದೊಳಗೆ ಕಣ್ಣಿಗೆ ಕಾಣದ ಗೆರೆಗಳಿವೆ, ಅವುಗಳ ಗುಂಟ ಒಂದು ಶಕ್ತಿ ಹರಿಯುತ್ತದೆ, ಹಿಂದಿನವರು ಅದನ್ನು ಬಲ್ಲವರಾಗಿ ಅದರ ಮೇಲೆಯೇ ಗುಡಿ ಕಟ್ಟಿದರು, ನಾವು ತಿಳಿಯದೆ ಅದರ ಮೇಲೆ ಮಲಗಿ ರೋಗ ತಂದುಕೊಳ್ಳುತ್ತೇವೆ ಎಂಬ ನಂಬಿಕೆ ಈ ಹತ್ತು ಹದಿನೈದು ವರ್ಷಗಳಲ್ಲಿ ನಮ್ಮ ಬಹುಮಹಡಿ ಮನೆಗಳಲ್ಲಿ ಬಲವಾಗಿ ಬೇರೂರಿದೆ. ಇದನ್ನು ದೂರದಿಂದ ನೋಡಿ ನಗುವುದು ಸುಲಭ. ನಾನು ನಗುವ ಹಕ್ಕನ್ನು ಕಳೆದುಕೊಂಡವನು. ಏಕೆಂಬುದನ್ನು ಮೊದಲೇ ಅರಿಕೆ ಮಾಡಿಕೊಂಡುಬಿಡುತ್ತೇನೆ.

2018ರ ಬೇಸಗೆಯಲ್ಲಿ ನಮ್ಮ ಅಕ್ಕ ಊರಿನಿಂದ ಬಂದು ನಮ್ಮ ಮನೆಯಲ್ಲಿದ್ದಳು. ನಮ್ಮದು ಶಹಾಪುರದ ಕಡೆಯ ಹಳ್ಳಿ. ಅವ್ವ ತೀರಿದ ಮೇಲೆ ನನ್ನನ್ನು ಸಾಕಿದವಳು ಈ ಅಕ್ಕನೇ. ಬಂದ ಒಂದು ವಾರಕ್ಕೆ ಅವಳಿಗೆ ಎದೆಯುರಿ, ಬೆನ್ನಿನಲ್ಲಿ ಬಿಗಿತ, ರಾತ್ರಿ ನಿದ್ದೆಯಿಲ್ಲ. ಔಷಧಿ ಅಂಗಡಿಯಿಂದ ಗುಳಿಗೆ ತಂದುದಾಯಿತು. ಆ ಹೊತ್ತಿಗೆ ನಮ್ಮ ಮೇಲಿನ ಮಹಡಿಯ ಒಂದು ಮನೆಗೆ ಭೂಶಕ್ತಿಯನ್ನು ಅಳೆಯುವವರೊಬ್ಬರು ಬಂದಿದ್ದರು. ನನ್ನ ಮಗ ಸೊಸೆ ಅವರನ್ನು ನಮ್ಮ ಮನೆಗೂ ಕರೆತಂದರು. ಅವರ ಕೈಯಲ್ಲಿ ಒಂದು ಉಪಕರಣ. ಅದಕ್ಕೆ ಎರಡು ತೋಳು. ಕೋಣೆಯಿಂದ ಕೋಣೆಗೆ ಮೆಲ್ಲಗೆ ನಡೆದರು. ಅಕ್ಕನ ಮಂಚದ ಬಳಿ ಬಂದಾಗ ಆ ತೋಳುಗಳು ತಾವಾಗಿ ಎಂಬಂತೆ ಅಗಲಿದವು. "ಕೆಳಗೆ ಜಲದ ಗೆರೆ ಹಾದಿದೆ; ಭೂಮಿಯ ಕೆಟ್ಟ ಶಕ್ತಿ ನೇರವಾಗಿ ಎದೆಗೆ ತಾಕುತ್ತಿದೆ" ಎಂದರು. ನಮ್ಮ ಮನೆ ಆರನೆಯ ಮಹಡಿಯಲ್ಲಿದೆ. ಅದರ ಕೆಳಗೆ ಐದು ಸಂಸಾರಗಳು, ಅವುಗಳ ಕೆಳಗೆ ಕಾರು ನಿಲ್ಲಿಸುವ ಎರಡು ನೆಲಮಾಳಿಗೆಗಳು, ಅವುಗಳ ಕೆಳಗೆ ಬಂಡೆ. ಆ ಬಂಡೆಯೊಳಗಿನ ಗೆರೆ ಇಷ್ಟು ಜನರನ್ನು ಬಿಟ್ಟು ನಮ್ಮ ಅಕ್ಕನನ್ನೇ ಹುಡುಕಿಕೊಂಡು ಬಂದಿತೇ ಎಂದು ಕೇಳಬೇಕಾಗಿದ್ದವನು ನಾನು. ಮೂವತ್ತೊಂದು ವರ್ಷ ಭೌತವಿಜ್ಞಾನ ಪಾಠ ಹೇಳಿದವನು. ಕೇಳಲಿಲ್ಲ. ಮಕ್ಕಳ ಮನಸ್ಸು ನೋಯಿಸುವುದೇಕೆ ಎಂದುಕೊಂಡೆ. ಮಂಚ ಸರಿಸಿದರೆ ನಷ್ಟವೇನು ಎಂದುಕೊಂಡೆ. ಮಂಚದ ಒಂದು ಬದಿಯನ್ನು ಮಗ ಹಿಡಿದ, ಇನ್ನೊಂದು ಬದಿಯನ್ನು ನಾನು.

ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ತಮ್ಮಾ, ಮಂಚ ಸರಸಿದ್ರ ಎದಿ ನೋವು ಹೋಗ್ತದೇನು?" ಎಂದಳು. ನಾನು ಉತ್ತರ ಹೇಳಲಿಲ್ಲ.

ಒಂದು ಕಡೆಯಿಂದ ಇನ್ನೊಂದು ಕಡೆಗೆ, ಅಲ್ಲಿಂದ ಇನ್ನೊಂದು ಕೋಣೆಗೆ, ಹೀಗೆ ಮೂರು ವಾರ ಮಂಚ ತಿರುಗಿತು. ಮೂಲೆಗಳಲ್ಲಿ ತಾಮ್ರದ ಕಡ್ಡಿ, ಕಿಟಕಿಯಲ್ಲಿ ಸ್ಫಟಿಕದ ಗೋಪುರ. ನಡುವೆ ಎರಡು ದಿನ ಅವಳಿಗೆ ಚೆನ್ನಾಗಿ ನಿದ್ದೆ ಬಂದಿತು. ಅದೇ ದೊಡ್ಡ ಸಾಕ್ಷಿಯಾಯಿತು. ಇಪ್ಪತ್ತೆರಡನೆಯ ರಾತ್ರಿ ಅವಳನ್ನು ಆಸ್ಪತ್ರೆಗೆ ಹೊತ್ತುಕೊಂಡು ಓಡಿದೆವು. ಹೃದಯದ ಎರಡು ರಕ್ತನಾಳಗಳು ಕಟ್ಟಿದ್ದವು. ಸ್ಟೆಂಟು ಹಾಕಿದರು, ಜೀವ ಉಳಿಯಿತು. ಆದರೆ ಹೃದಯದ ಒಂದು ಭಾಗ ಬಲಗುಂದಿಹೋಗಿತ್ತು. ತರುಣ ವೈದ್ಯರು, "ನೋವು ಶುರುವಾಗಿ ಮೂರು ವಾರ ಏನು ಮಾಡುತ್ತಿದ್ದಿರಿ?" ಎಂದು ಕೇಳಿದರು. ಮಂಚ ಸರಿಸುತ್ತಿದ್ದೆವು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅಕ್ಕ ಆಮೇಲೆ ನಾಲ್ಕು ವರ್ಷ ಇದ್ದಳು. ಎರಡು ಮೆಟ್ಟಿಲು ಹತ್ತಿದರೆ ಕೂರುವಳು.

ಇಷ್ಟಾದ ಮೇಲೆ ಈ ಗೆರೆಗಳ ಮೂಲವೇನು, ಇವುಗಳಲ್ಲಿ ನಿಜವೆಷ್ಟು ಎಂದು ಹುಡುಕಹೊರಟೆ. ಸಿಕ್ಕುದನ್ನು ತಮ್ಮ ಮುಂದೆ ಇಡುತ್ತೇನೆ.

ನಮಗೆಲ್ಲ ಹತ್ತಿರದ ಉದಾಹರಣೆಯಿಂದ ಪ್ರಾರಂಭಿಸೋಣ. ಶಿವರಾತ್ರಿ ಬಂದಿತೆಂದರೆ ನಮ್ಮ ಫೋನುಗಳಿಗೆ ಒಂದು ಭೂಪಟ ತಪ್ಪದೆ ಬರುತ್ತದೆ. ಕೇದಾರನಾಥ, ನಮ್ಮ ತೆಲಂಗಾಣದ ಕಾಳೇಶ್ವರ, ಶ್ರೀಕಾಳಹಸ್ತಿ, ಕಂಚಿಯ ಏಕಾಮ್ರನಾಥ, ಚಿದಂಬರ, ರಾಮೇಶ್ವರ ಇವೆಲ್ಲವೂ 79 ಡಿಗ್ರಿ ಪೂರ್ವ ರೇಖಾಂಶದ ಒಂದೇ ನೇರ ಗೆರೆಯಲ್ಲಿವೆ, ಉಪಗ್ರಹವಿಲ್ಲದ ಕಾಲದಲ್ಲಿ ನಮ್ಮ ಹಿರಿಯರು ಇದನ್ನು ಸಾಧಿಸಿದರು, ಅದು ಶಿವಶಕ್ತಿಯ ರೇಖೆ ಎಂದು ಅದರ ಕೆಳಗೆ ಬರೆದಿರುತ್ತದೆ. ನಾನು ಕಾಳೇಶ್ವರಕ್ಕೆ ಎರಡು ಬಾರಿ ಹೋಗಿ ಬಂದವನು. ಪ್ರಾಣಹಿತಾ ನದಿ ಗೋದಾವರಿಯನ್ನು ಸೇರುವ ಎಡೆ; ಒಂದೇ ಪಾಣಿಪೀಠದ ಮೇಲೆ ಎರಡು ಲಿಂಗಗಳು. ಆ ಕ್ಷೇತ್ರಕ್ಕೆ ಕೈಮುಗಿಯುವುದಕ್ಕೆ ನನಗೆ ಭೂಪಟ ಬೇಕಾಗಿಲ್ಲ. ಭೂಪಟ ನೋಡಿ ಎಂದವರು ಅವರಾದುದರಿಂದ ನೋಡಿದೆ.

ಕೇದಾರನಾಥ 79 ಡಿಗ್ರಿ 4 ಮಿನಿಟು. ಕಾಳೇಶ್ವರ 79 ಡಿಗ್ರಿ 54 ಮಿನಿಟು. ಇವೆರಡರ ನಡುವೆ ಪೂರ್ವಪಶ್ಚಿಮವಾಗಿ 80 ಕಿಲೋಮೀಟರಿಗೂ ಹೆಚ್ಚು ಅಂತರವಿದೆ. ರಾಮೇಶ್ವರ 79 ಡಿಗ್ರಿ 19 ಮಿನಿಟು. ಕಾಳಹಸ್ತಿ, ಕಂಚಿ, ಚಿದಂಬರ ಈ ಮೂರು ಮಾತ್ರ 79 ಡಿಗ್ರಿ 42 ಮಿನಿಟಿನ ಆಸುಪಾಸಿನಲ್ಲಿ ಬಹಳ ಹತ್ತಿರ ಹತ್ತಿರ ಬರುತ್ತವೆ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಪಂಚಭೂತ ಕ್ಷೇತ್ರಗಳು ಐದಲ್ಲವೇ? ಅಗ್ನಿಲಿಂಗದ ತಿರುವಣ್ಣಾಮಲೆ 79 ಡಿಗ್ರಿ 4 ಮಿನಿಟು. ಜಲಲಿಂಗದ ಜಂಬುಕೇಶ್ವರ 78 ಡಿಗ್ರಿ 42 ಮಿನಿಟು. ಚಿದಂಬರಕ್ಕೂ ಜಂಬುಕೇಶ್ವರಕ್ಕೂ ನೂರು ಕಿಲೋಮೀಟರಿಗೆ ಮೀರಿದ ಅಂತರ. ಗೆರೆಯ ಮೇಲೆ ಗುಡಿ ಕಟ್ಟಬೇಕೆಂಬ ನಿಯಮವಿದ್ದಿದ್ದರೆ ಬೆಂಕಿಗೂ ನೀರಿಗೂ ವಿನಾಯಿತಿ ಸಿಕ್ಕಿದ್ದೇಕೆ? ತೇವಾರದ ಕವಿಗಳಿಂದ ಹಾಡಿಸಿಕೊಂಡ ಶಿವಕ್ಷೇತ್ರಗಳೇ 270ಕ್ಕೆ ಮೀರಿವೆ. ಇಷ್ಟು ಚುಕ್ಕೆಗಳಿರುವಲ್ಲಿ ಅಡ್ಡಪಟ್ಟಿ ಇಟ್ಟರೆ ಯಾವ ದಿಕ್ಕಿಗಾದರೂ ನಾಲ್ಕೈದು ಸಿಕ್ಕಿಯೇ ಸಿಗುತ್ತವೆ. ಈ ಎಲ್ಲ ಕ್ಷೇತ್ರಗಳನ್ನೂ ಒಳಗೊಳ್ಳುವಂತೆ ಗೆರೆಯನ್ನು ದಪ್ಪ ಮಾಡಿದರೆ ಅದು ಸುಮಾರು 125 ಕಿಲೋಮೀಟರ್ ಅಗಲದ ಪಟ್ಟಿಯಾಗುತ್ತದೆ. ಇನ್ನೊಂದು 35 ಕಿಲೋಮೀಟರ್ ಪಶ್ಚಿಮಕ್ಕೆ ಹಿಗ್ಗಿಸಿದರೆ ನಮ್ಮ ಮಣಿಕೊಂಡವೂ, ಈ ಸಭಾಭವನವೂ, ಹೊರಗೆ ನಿಂತಿರುವ ಬಜ್ಜಿ ಗಾಡಿಯೂ ಅದರೊಳಗೆ ಬಂದು ಬಿಡುತ್ತವೆ.

ಹಿರಿಯರು ಇಂಥ ಗೆರೆಯನ್ನು ಅಳೆಯಬಲ್ಲವರಾಗಿದ್ದರೇ? ಅವರ ಗ್ರಂಥಗಳನ್ನೇ ಕೇಳೋಣ. ಸೂರ್ಯಸಿದ್ಧಾಂತದಲ್ಲಿ ನಮ್ಮದೇ ಆದ ಒಂದು ಮಧ್ಯರೇಖೆ ಇದೆ. ಲಂಕೆಯಿಂದ ಹೊರಟು ಉಜ್ಜಯಿನಿ, ಕುರುಕ್ಷೇತ್ರಗಳ ಮೇಲೆ ಮೇರುವಿಗೆ ಹೋಗುತ್ತದೆ. ಒಂದು ಊರು ಈ ರೇಖೆಯಿಂದ ಎಷ್ಟು ದೂರವಿದೆಯೆಂದು ತಿಳಿಯಲು ಚಂದ್ರಗ್ರಹಣ ಅಲ್ಲಿ ಯಾವ ಹೊತ್ತಿಗೆ ಕಾಣುತ್ತದೆಂದು ನೋಡಬೇಕು. ಎಂಥ ಬುದ್ಧಿವಂತಿಕೆ! ಆದರೆ ಗಳಿಗೆಬಟ್ಟಲಿನ ಲೆಕ್ಕದಲ್ಲಿ ಒಂದು ಗಳಿಗೆ ತಪ್ಪಿದರೆ 6 ಡಿಗ್ರಿ ತಪ್ಪುತ್ತದೆ. ಒಂದು ಗಳಿಗೆಯ ಅರುವತ್ತನೆಯ ಒಂದು ಭಾಗವಾದ ವಿಘಳಿಗೆ ತಪ್ಪಿದರೂ ನೆಲದ ಮೇಲೆ ಸುಮಾರು 11 ಕಿಲೋಮೀಟರ್. ಆದುದರಿಂದಲೇ ಅವರ ಉಜ್ಜಯಿನಿಗೂ ಕುರುಕ್ಷೇತ್ರಕ್ಕೂ ಇಂದಿನ ಅಳತೆಯಲ್ಲಿ ಒಂದು ಡಿಗ್ರಿಯ ಅಂತರ ಕಾಣುತ್ತದೆ. ಇದರಲ್ಲಿ ನಾಚಿಕೆಯೇನೂ ಇಲ್ಲ. ಅವರು ಮಾಡಿದ ಕಷ್ಟದ ಕೆಲಸವನ್ನು ಮರೆತು, ಮಾಡದ ಸುಲಭದ ಪವಾಡವನ್ನು ಅವರ ಹೆಸರಿಗೆ ಕಟ್ಟುತ್ತೇವಲ್ಲ, ನಾಚಿಕೆ ಅದರಲ್ಲಿದೆ.

ಈ ಗೆರೆಯ ಹುಚ್ಚು ನಮ್ಮದಷ್ಟೇ ಅಲ್ಲ. ಇಂಗ್ಲೆಂಡಿನ ಹೆರೆಫರ್ಡ್ ಪ್ರಾಂತದಲ್ಲಿ ಆಲ್‌ಫ್ರೆಡ್ ವಾಟ್ಕಿನ್ಸ್ ಎಂಬ ಛಾಯಾಚಿತ್ರಗಾರನಿದ್ದ. 1921ರ ಜೂನ್ 30ರಂದು ಭೂಪಟ ನೋಡುತ್ತಿದ್ದಾಗ ಹಳೆಯ ಕಲ್ಲು, ದಿಬ್ಬ, ಇಗರ್ಜಿಗಳು ಸಾಲಾಗಿ ನಿಂತಂತೆ ಅವನಿಗೆ ತೋರಿತು. ಅವಕ್ಕೆ 'ಲೇ' ಗೆರೆಗಳೆಂದು ಹೆಸರಿಟ್ಟು 1925ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ. ಪಾಪ, ಅವನು ಹೇಳಿದುದು ಶಕ್ತಿಯ ಮಾತಲ್ಲ. ಉಪ್ಪು ಮಾರುವ ವ್ಯಾಪಾರಿಗಳು ಹಿಂದೆ ಗುರಿ ಹಿಡಿದು ನಡೆದ ನೇರ ದಾರಿಗಳೆಂದಷ್ಟೇ. ಶಕ್ತಿಯನ್ನು ಹರಿಸಿದವರು ಅವನ ಅನಂತರದವರು. 1969ರಲ್ಲಿ ಬಂದ ಜಾನ್ ಮಿಚೆಲ್ಲನ ಪುಸ್ತಕದಿಂದ ಅದು ಲೋಕಕ್ಕೆಲ್ಲ ಹಬ್ಬಿತು. 2010ರಲ್ಲಿ ಮ್ಯಾಟ್ ಪಾರ್ಕರ್ ಎಂಬ ಗಣಿತದವನು, ಮುಚ್ಚಿಹೋಗಿದ್ದ ವುಲ್‌ವರ್ತ್ಸ್ ಎಂಬ ಅಂಗಡಿಯ 800 ಶಾಖೆಗಳನ್ನು ಭೂಪಟದಲ್ಲಿ ಗುರುತಿಸಿ, ಅವುಗಳಲ್ಲಿಯೂ ಬೆರಗಾಗುವಂಥ ನೇರ ಗೆರೆಗಳನ್ನೂ ತ್ರಿಕೋನಗಳನ್ನೂ ತೋರಿಸಿಕೊಟ್ಟ. ಬಕೀಟು, ಮಿಠಾಯಿ ಮಾರುತ್ತಿದ್ದ ಅಂಗಡಿಗಳವು.

ಕಣ್ಣಿಗೆ ಆಕೃತಿ ಬೇಕು. ನಮ್ಮ ಶಹಾಪುರದ ಬೆಟ್ಟಸಾಲನ್ನು ನೋಡಿದವರು ಇಲ್ಲಿ ಕೆಲವರಿರಬಹುದು. ಬುದ್ಧ ಮಲಗಿದಂತೆ ಹಣೆ, ಮೂಗು, ಎದೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. ಯಾರೂ ಕಡೆದುದಲ್ಲ. ದಾರಿಯಲ್ಲಿ ಸ್ವಲ್ಪ ಮುಂದೆ ಹೋದರೆ ಬುದ್ಧನೂ ಇಲ್ಲ.

ಇನ್ನು ಮಂಚದ ಗೆರೆಯ ಮಾತು. ಇದರ ಹುಟ್ಟು ಜರ್ಮನಿಯಲ್ಲಿ. 1929ರಲ್ಲಿ ಗುಸ್ತಾವ್ ಫಾನ್ ಪೋಲ್ ಎಂಬ ಕವಲುಕಡ್ಡಿಯವನು ಬವೇರಿಯದ ವಿಲ್ಸ್‌ಬಿಬುರ್ಗ್ ಎಂಬ ಊರಿನಲ್ಲಿ ನಡೆದಾಡಿ, ಅರ್ಬುದರೋಗದಿಂದ ಸತ್ತವರ ಹಾಸಿಗೆಗಳೆಲ್ಲ ನೆಲದೊಳಗಿನ ಜಲರೇಖೆಗಳ ಮೇಲೆ ಇದ್ದವೆಂದು ಸಾರಿದ. ಅನಂತರ ಹಾರ್ಟ್‌ಮನ್ ಎಂಬ ವೈದ್ಯ ಇಡೀ ಭೂಮಿಯ ಮೇಲೆ ಶಕ್ತಿಯ ಬಲೆಯೊಂದು ಹಾಸಿದೆಯೆಂದ. ಅದರ ಕಣ್ಣುಗಳ ಅಳತೆ ಒಂದು ಕಡೆಗೆ 2 ಮೀಟರು, ಇನ್ನೊಂದು ಕಡೆಗೆ ಎರಡೂವರೆ ಮೀಟರು. ತಾಯಂದಿರು ಮನೆಗೆ ಹೋದ ಮೇಲೆ ತಮ್ಮ ಮಂಚವನ್ನು ಅಳೆದು ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಇಬ್ಬರು ಮಲಗುವ ಮಂಚ ಆರೂಕಾಲು ಅಡಿ ಉದ್ದ, ಐದಾರು ಅಡಿ ಅಗಲ. ಎರಡು ಮೀಟರಿಗೊಂದರಂತೆ ಗೆರೆಗಳಿರುವ ನೆಲದ ಮೇಲೆ ಇಂಥ ಮಂಚವನ್ನು ಯಾವ ಗೆರೆಗೂ ತಾಕದಂತೆ ಇಡುವುದು ಸರ್ಕಸ್ಸಿನವರಿಗೂ ಕಷ್ಟ. ಪ್ರತಿಯೊಬ್ಬ ರೋಗಿಯೂ ಗೆರೆಯ ಮೇಲೆ ಮಲಗಿರುತ್ತಾನೆ. ಪ್ರತಿಯೊಬ್ಬ ಆರೋಗ್ಯವಂತನೂ ಮಲಗಿರುತ್ತಾನೆ. ಎರಡನೆಯವನ ಮನೆಗೆ ಉಪಕರಣ ಬರುವುದಿಲ್ಲ, ಅಷ್ಟೆ.

ಆದರೆ ನೀರು ನೋಡುವವರನ್ನು ಇದೇ ತಕ್ಕಡಿಯಲ್ಲಿ ತೂಗಲು ನನ್ನ ಮನಸ್ಸು ಸ್ವಲ್ಪ ಹಿಂಜರಿಯುತ್ತದೆ. ಮಣಿಕೊಂಡದಲ್ಲಿ ಬೇಸಗೆ ಕಳೆದವರಿಗೆ ಬೋರು, ಟ್ಯಾಂಕರು ಎಂದರೇನೆಂದು ಹೇಳಬೇಕಾಗಿಲ್ಲ. ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡೋ, ಬೇವಿನ ಕವಲುಕಡ್ಡಿ ಹಿಡಿದೋ ನಡೆಯುವವನು ನಿಂತ ಕಡೆ ನಾವು ಲಕ್ಷಗಟ್ಟಲೆ ಹಣ ಸುರಿದು ಕೊರೆಸುತ್ತೇವೆ. ಈ ವಿದ್ಯೆಗೆ ನಮ್ಮಲ್ಲಿ ದೊಡ್ಡ ಹಿರಿಯನಿದ್ದಾನೆ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ನೆಲದೊಳಗಿನ ನೀರನ್ನು ಕುರಿತು ಒಂದು ಅಧ್ಯಾಯವೇ ಇದೆ. ಮನುಷ್ಯನ ಮೈಯಲ್ಲಿ ರಕ್ತನಾಳಗಳಿರುವಂತೆ ಭೂಮಿಯಲ್ಲಿಯೂ ನೀರಿನ ಸಿರೆಗಳಿವೆಯೆಂದು ಅವನು ಹೇಳುತ್ತಾನೆ. ಆದರೆ ಗಮನಿಸಬೇಕು, ಅವನು ಕಡ್ಡಿ ಹಿಡಿದು ನಡೆ ಎನ್ನುವುದಿಲ್ಲ. ಇಂಥ ಮರ ಇದ್ದು ಅದರ ಪಕ್ಕದಲ್ಲಿ ಹುತ್ತವಿದ್ದರೆ ಇಂಥ ದಿಕ್ಕಿಗೆ ಇಷ್ಟು ಆಳದಲ್ಲಿ ನೀರು, ನಡುವೆ ಇಂಥ ಬಣ್ಣದ ಮಣ್ಣು, ಇಂಥ ಕಲ್ಲು ಸಿಗುತ್ತದೆ ಎನ್ನುತ್ತಾನೆ. ಅವನು ಹೇಳಿದುದೆಲ್ಲ ನಿಜವಲ್ಲದಿರಬಹುದು. ಆದರೆ ಅಗೆದು ನೋಡಿ ಸರಿಯೋ ತಪ್ಪೋ ಎಂದು ಹೇಳಬಹುದಾದ ಮಾತು ಅದು.

ನಮ್ಮ ಕಾಲುಕೆಳಗಿನ ನೆಲ ಗ್ರಾನೈಟು, ಬೆಣಚುಕಲ್ಲು. ಇದರಲ್ಲಿ ನೀರು ನದಿಯಂತೆ ಹರಿಯುವುದಿಲ್ಲ. ಮೇಲಣ ಶಿಥಿಲವಾದ ಪದರದಲ್ಲಿ ಸ್ಪಂಜಿನಂತೆ ನಿಲ್ಲುತ್ತದೆ. ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಮಾತ್ರ ಸಿಗುತ್ತದೆ. ಬಿರುಕು ಎಂದರೆ ಗೆರೆಯೇ ಅಲ್ಲವೇ? ಭೂವಿಜ್ಞಾನಿಗಳು ಉಪಗ್ರಹದ ಚಿತ್ರಗಳಲ್ಲಿ ಈ ಬಿರುಕುಗೆರೆಗಳನ್ನು ಹುಡುಕಿ, ನೆಲದೊಳಗೆ ವಿದ್ಯುತ್ತು ಹರಿಸಿ ಅಡಚಣೆಯನ್ನು ಅಳೆದು ಜಾಗ ತೋರಿಸುತ್ತಾರೆ. 1961ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ನಮ್ಮ ಹೈದರಾಬಾದಿನಲ್ಲಿಯೇ ಇದೆ. ಹೀಗೆ ಕಾಣದ ಗೆರೆಯೊಂದು ನೆಲದೊಳಗೆ ಇರುವುದು ನಿಜ. ಅದನ್ನು ಕಡ್ಡಿ ಬಲ್ಲುದೇ ಎಂಬುದು ಬೇರೆಯ ಪ್ರಶ್ನೆ. ಮ್ಯೂನಿಕ್ ನಗರದ ಬಳಿ 1987–88ರಲ್ಲಿ ಇದನ್ನು ದೊಡ್ಡದಾಗಿ ಪರೀಕ್ಷಿಸಿದರು. ಸುಮಾರು 500 ಮಂದಿಯಿಂದ ಅತ್ಯುತ್ತಮರೆಂದು 43 ಜನರನ್ನು ಆರಿಸಿ, ಕೆಳಗಿನ ಅಂತಸ್ತಿನಲ್ಲಿ ನೀರಿನ ಕೊಳವೆಯನ್ನು ಅತ್ತಿತ್ತ ಸರಿಸುತ್ತ ಮೇಲಿನ ಅಂತಸ್ತಿನಿಂದ ಗುರುತಿಸಲು ಹೇಳಿದರು. 843 ಬಾರಿ ನಡೆಯಿತು. ನಡೆಸಿದವರು ಕೆಲವರಲ್ಲಿ ಶಕ್ತಿಯಿದೆ ಎಂದರು. ಅವೇ ಅಂಕಿಗಳನ್ನು 1999ರಲ್ಲಿ ಮತ್ತೆ ಪರಿಶೀಲಿಸಿದ ಎನ್‌ರೈಟ್ ಎಂಬ ವಿಜ್ಞಾನಿ, ಕಣ್ಣುಮುಚ್ಚಿ ಊಹಿಸಿದರೂ ಇಷ್ಟೇ ಸಿಗುತ್ತಿತ್ತೆಂದು ತೋರಿಸಿದರು. ಹಳ್ಳಿಯ ನೀರು ನೋಡುವವನು ನಾಲ್ಕು ಊರಿನ ಬಾವಿಗಳ ಆಳವನ್ನೂ ಬಂಡೆಯ ಗುಣವನ್ನೂ ಬಲ್ಲವನಾಗಿದ್ದರೆ ಅವನ ಕಣ್ಣು ನೀರು ಹುಡುಕುತ್ತದೆ, ಕಡ್ಡಿ ಹೆಸರು ಪಡೆಯುತ್ತದೆ.

ಈ ನೆಲದಲ್ಲಿ ಶಕ್ತಿಯೇ ಇಲ್ಲವೇ ಎಂದು ನನ್ನ ಸೊಸೆ ಒಂದು ದಿನ ಕೇಳಿದಳು. ಇದೆ. ಗ್ರಾನೈಟಿನಲ್ಲಿ ಯುರೇನಿಯಂ, ಥೋರಿಯಂಗಳು ಅಲ್ಪಸ್ವಲ್ಪ ಇರುತ್ತವೆ; ಅವುಗಳ ವಿಕಿರಣವನ್ನು ಅಳೆಯಬಹುದು. ಬೆಟ್ಟಗಳು ತೂಗುಗುಂಡನ್ನು ತಮ್ಮ ಕಡೆಗೆ ತುಸು ಎಳೆಯುತ್ತವೆ. 1802ರಲ್ಲಿ ಭಾರತವನ್ನು ತ್ರಿಕೋನಗಳಿಂದ ಅಳೆಯತೊಡಗಿದ ಲ್ಯಾಂಬ್ಟನ್, ಬೆಂಗಳೂರಿನ ಬಳಿಯಿಂದ ಬೀದರದವರೆಗೆ ನಮ್ಮ ನಾಡನ್ನೇ ಹಾಯ್ದು ತಂದ ಮಹಾಗೆರೆಯ ಲೆಕ್ಕದಲ್ಲಿ ಇಂಥ ಎಳೆತದ ತೊಡಕುಗಳು ಬಂದವು. ಶ್ರೀಲಂಕೆಯ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಭೂಮಿಯ ಆಕರ್ಷಣೆ ಕಡಮೆಯಾಗಿ ಕಡಲಿನ ಮಟ್ಟವೇ ನೂರು ಮೀಟರಿಗೂ ಮೀರಿ ತಗ್ಗಿದೆ. ಕೇರಳದ ತುಂಬಾ ಎಂಬ ಬೆಸ್ತರ ಊರಿನ ಹತ್ತಿರ ಭೂಮಿಯ ಕಾಂತೀಯ ಸಮಭಾಜಕ ರೇಖೆ ಹಾದುಹೋಗುತ್ತಿದ್ದುದರಿಂದಲೇ 1963ರ ನವೆಂಬರಿನಲ್ಲಿ ನಮ್ಮ ಮೊದಲ ರಾಕೆಟ್ಟನ್ನು ಅಲ್ಲಿಂದ ಹಾರಿಸಿದರು. ಅದೂ ಕಣ್ಣಿಗೆ ಕಾಣದ ಗೆರೆ. ಈ ಶಕ್ತಿಗಳಿಗೆ ಒಂದು ಸೊಗಸಿದೆ: ಅಳೆಯುವವನು ನಂಬಿದರೂ ನಂಬದಿದ್ದರೂ ಅಂಕಿ ಬದಲಾಗುವುದಿಲ್ಲ.

ಹಾಗಾದರೆ ಓದಿದ ಮಕ್ಕಳು, ಗಣಿತ ಬಲ್ಲ ಮಕ್ಕಳು, ಮಂಚ ಸರಿಸುವುದೇಕೆ? ಇದನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ನಮ್ಮ ಊರಿನಲ್ಲಿ ಯಾವ ಮರದ ಕೆಳಗೆ ಮಲಗಬಾರದು, ಯಾವ ಕಲ್ಲಿಗೆ ಎಣ್ಣೆ ಎರೆಯಬೇಕು, ಯಾವ ಬಾವಿ ಎಂದೂ ಬತ್ತಿಲ್ಲ ಎಂಬುದೆಲ್ಲ ಅಕ್ಕನಿಗೆ ಗೊತ್ತಿತ್ತು. ಊರು ಕಟ್ಟುವಾಗ ನೆಟ್ಟ ಕರುವುಗಲ್ಲು ನಮ್ಮ ಕನ್ನಡದ ಹಳ್ಳಿಗಳಲ್ಲಿದೆ. ತೆಲಂಗಾಣದ ಹಳ್ಳಿಗಳಲ್ಲಿ ಅದಕ್ಕೆ ಬೊಡ್ರಾಯಿ ಎನ್ನುತ್ತಾರೆ, ಎಂದರೆ ಹೊಕ್ಕುಳಿನ ಕಲ್ಲು. ಊರಿಗೆ ಹೊಕ್ಕುಳಿದೆ ಎಂದವರಿಗೆ ತಾವು ಎಲ್ಲಿ ಮಲಗಿದ್ದೇವೆಂಬುದು ತಿಳಿದಿರುತ್ತದೆ. ನಾವು ಬಂದಿಳಿದ ಈ ಮಣಿಕೊಂಡದಲ್ಲಿ ಗುಡ್ಡ ಸಿಡಿಸಿ ಗೋಪುರ ಎಬ್ಬಿಸಿದರು. ನಾನು ಬಂದಾಗ ಒಂದರ ಮೇಲೊಂದು ಪೇರಿಸಿದಂತಿದ್ದ ಎಷ್ಟೋ ಬಂಡೆಗಳನ್ನು ನನ್ನ ಮೊಮ್ಮಗಳು ನೋಡಿಯೇ ಇಲ್ಲ. ನೆಲದ ಪರಿಚಯವಿಲ್ಲದವರಿಗೆ ನೆಲದ ಭಯ. ಆ ಭಯಕ್ಕೆ ಒಂದು ಉಪಕರಣ ಹಿಡಿದು ಬಂದವನು ಹೆಸರು ಕೊಡುತ್ತಾನೆ, ಗೆರೆ ತೋರಿಸುತ್ತಾನೆ, ಮಕ್ಕಳಿಗೆ ಸಮಾಧಾನವಾಗುತ್ತದೆ. ಪ್ರೀತಿಯಿಂದಲೇ ಕರೆಸಿದರು, ಅದರಲ್ಲಿ ನನಗೆ ಸಂಶಯವಿಲ್ಲ. ಪರಿಚಯ ಮಾಡಿಸಬೇಕಾಗಿದ್ದವನು ನಾನು. ಈ ಬಂಡೆಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಹಂಪಿಯ ಬಂಡೆ, ರಾಯಚೂರಿನ ಕೋಟೆಗುಡ್ಡ, ಶಹಾಪುರದ ಬುದ್ಧ, ರಾಮನಗರದ ಬೆಟ್ಟ ಎಲ್ಲವೂ ಹೆಚ್ಚುಕಡಮೆ ಇದೇ ವಾರಗೆಯವು, ಒಂದೇ ಧಾರವಾಡ ಶಿಲಾಖಂಡದ ಮಕ್ಕಳು. ನಾವು ಪರದೇಶಕ್ಕೆ ಬಂದಿಲ್ಲ. ಅದೇ ಕಲ್ಲಿನ ಇನ್ನೊಂದು ತುದಿಗೆ ಬಂದಿದ್ದೇವೆ. ಇದನ್ನು ನಾನು ತರಗತಿಯಲ್ಲಿ ನೂರಾರು ಮಕ್ಕಳಿಗೆ ಹೇಳಿದೆ, ಮನೆಯಲ್ಲಿ ಹೇಳಲಿಲ್ಲ.

ಹಿಂದಿನವರು ಗೆರೆಗಳನ್ನು ಎಳೆಯಲೇ ಇಲ್ಲವೆಂದು ನಾನು ಹೇಳುವುದಿಲ್ಲ. ಬೆಂಗಳೂರಿನ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಮಕರಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾಯ್ದು ಲಿಂಗವನ್ನು ಮುಟ್ಟುತ್ತದೆ, ತಾವೆಲ್ಲ ಬಲ್ಲಿರಿ. ಅದಕ್ಕಿಂತ ಎಷ್ಟೋ ಹಳೆಯವು ನಮ್ಮ ಕಡೆಯ ಕಲ್ಲುಸಾಲುಗಳು. ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಹೊಲದಲ್ಲಿ ಗುಂಡುಕಲ್ಲುಗಳನ್ನು ಸಾಲು ಸಾಲಾಗಿ ಇಟ್ಟಿದ್ದಾರೆ. ಸುರಪುರ ಸೀಮೆಯ ಹನಮಸಾಗರದಲ್ಲಿ ಎರಡು ಸಾವಿರಕ್ಕೂ ಮೀರಿ ಇವೆ. ನಿಜಾಮರ ಆಳಿಕೆಯಲ್ಲಿ ಸುರಪುರವನ್ನು ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್ ಇವುಗಳನ್ನು ಕಂಡು ತನ್ನ ದೇಶದ ಪುರಾತನ ಕಲ್ಲುಗಳನ್ನು ನೆನೆದು ಬರೆದ. 1956ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಇವುಗಳ ವಿಷಯ ಲೇಖನ ಪ್ರಕಟಿಸಿದಾಗ ಅದಕ್ಕೆ 'ದಕ್ಷಿಣ ಹೈದರಾಬಾದಿನ ಕಲ್ಲುಸಾಲುಗಳು' ಎಂಬ ಅರ್ಥದ ಹೆಸರಿಟ್ಟರು. ಅದೇ ವರ್ಷದ ನವೆಂಬರ್ 1ರಂದು ಹೈದರಾಬಾದು ಸಂಸ್ಥಾನವೇ ಇಲ್ಲವಾಯಿತು. ನಾವು ಇಂದು ಆಚರಿಸುತ್ತಿರುವುದೂ ಒಂದು ಗೆರೆಯನ್ನೇ ಅಲ್ಲವೇ? ಆ ಗೆರೆ ಎಳೆದಾಗ ಕಲಬುರಗಿಯ ತಾಂಡೂರು, ಕೊಡಂಗಲ್, ರಾಯಚೂರಿನ ಗದ್ವಾಲ, ಆಲಂಪುರ ಆ ಕಡೆ ಹೋದವು. ನಾವು ಈ ಕಡೆಯಾದೆವು. ಕಲ್ಲುಸಾಲುಗಳಿಗೂ ಪಾಲಾಯಿತು. ಹನಮಸಾಗರ, ವಿಭೂತಿಹಳ್ಳಿ ಕರ್ನಾಟಕಕ್ಕೆ. ಕೃಷ್ಣೆಯ ದಂಡೆಯ ಮುಡುಮಾಲ ಇಂದಿನ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಗೆ.

ಮುಡುಮಾಲದಲ್ಲಿ ಹನ್ನೆರಡು ಹದಿನಾಲ್ಕು ಅಡಿ ಎತ್ತರದ ಎಂಬತ್ತರಷ್ಟು ನಿಲುವುಗಲ್ಲುಗಳೂ ಸಾವಿರಾರು ಸಣ್ಣ ಕಲ್ಲುಗಳೂ ಇವೆ. ಒಂದು ಬಂಡೆಯ ಮೇಲೆ ಸಪ್ತರ್ಷಿಮಂಡಲದ ಆಕಾರದಲ್ಲಿ ಕುಳಿಗಳನ್ನು ಕೊರೆದಿದ್ದಾರೆ. ಉತ್ತರಾಯಣ ದಕ್ಷಿಣಾಯನಗಳು ತಿರುಗುವ ದಿನಗಳಲ್ಲಿ ಸೂರ್ಯ ಕೆಲವು ಸಾಲುಗಳ ನೇರಕ್ಕೆ ಹುಟ್ಟುತ್ತಾನೆ, ಮುಳುಗುತ್ತಾನೆ ಎಂದು ಅಧ್ಯಯನ ಮಾಡಿದವರು ಹೇಳುತ್ತಾರೆ. ಸಾವಿರಾರು ಕಲ್ಲುಗಳಿರುವಲ್ಲಿ ಕೆಲವು ಆಕಸ್ಮಿಕವಾಗಿಯೂ ಸೂರ್ಯನ ನೇರಕ್ಕೆ ಬರಬಹುದು; 79 ಡಿಗ್ರಿಯ ಗೆರೆಗೆ ಕೇಳಿದ ಪ್ರಶ್ನೆಯನ್ನು ಇಲ್ಲಿಯೂ ಕೇಳುವುದು ನ್ಯಾಯ, ಕೇಳುತ್ತಲೂ ಇದ್ದಾರೆ. 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಇದರ ಹೆಸರು ಸೇರಿತು. ಊರಿನವರಿಗೆ ಆ ಪಟ್ಟಿ ಬೇಕಾಗಿರಲಿಲ್ಲ. ಅವರು ಮೊದಲಿನಿಂದಲೂ ನಿಲುವುಗಲ್ಲುಗಳ ತಿಮ್ಮಪ್ಪನೆಂದು ಕರೆದು ಪೂಜೆ ಮಾಡುತ್ತಾರೆ.

ಅಕ್ಕನಿಗೆ ಈ ಸುದ್ದಿ ಹೇಳಿದಾಗ, "ನನ್ನ ಅಲ್ಲಿಗೆ ಕರಕೊಂಡು ಹೋಗು" ಎಂದು ಹಟ ಹಿಡಿದಳು. 2019ರ ಡಿಸೆಂಬರ್ 22, ಭಾನುವಾರ, ವರ್ಷದ ಅತಿ ಚಿಕ್ಕ ಹಗಲು. ಮಗ ಸೊಸೆ ಇಬ್ಬರೂ ಬಂದರು. ಮಗನೇ ಕಾರು ಓಡಿಸಿದ. ಮಹಬೂಬನಗರ, ಮಕ್ತಲ್ ದಾಟಿ ಮಧ್ಯಾಹ್ನ ಇಳಿದೆವು. ದಾರಿ ತೋರಿಸಿದ ರೈತ ತೆಲುಗಿನಲ್ಲಿ ಪ್ರಾರಂಭಿಸಿ, ಅಕ್ಕನ ಮಾತು ಕಿವಿಗೆ ಬಿದ್ದೊಡನೆ ಕನ್ನಡಕ್ಕೆ ತಿರುಗಿದ. ಅಕ್ಕ ಮೆಲ್ಲಗೆ ನಡೆದು, ಎರಡು ಕಡೆ ಕುಳಿತು, ಒಂದು ನಿಲುವುಗಲ್ಲಿನ ಬಳಿಗೆ ಬಂದು ಅದರ ಮೇಲೆ ಅಂಗೈ ಇಟ್ಟಳು. ಸೊಸೆ, "ಏನಾದರೂ ಅನ್ನಿಸ್ತದಾ ಅತ್ತೆ?" ಎಂದು ಮೆಲ್ಲನೆ ಕೇಳಿದಳು. ಅವಳ ದನಿಯಲ್ಲಿ ಏನಿತ್ತೆಂದು ನನಗೆ ಗೊತ್ತು.

"ಬೆಚ್ಚಗದವ್ವಾ," ಎಂದಳು ಅಕ್ಕ. "ಬಿಸಿಲಿಗೆ ಕಾದದ."

ಆಮೇಲೆ ನನ್ನ ಕಡೆ ತಿರುಗಿದಳು. ಚಿಕ್ಕಂದಿನಲ್ಲಿ ವಿಭೂತಿಹಳ್ಳಿಯ ಹೊಲದಲ್ಲಿ ನಾವಿಬ್ಬರೂ ಕಲ್ಲುಗಳನ್ನು ಎಣಿಸುತ್ತಿದ್ದುದುಂಟು. ಅವಳ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಒಂದು ದಿನವೂ ತಾಳೆಯಾಗಿರಲಿಲ್ಲ. "ದೊಡ್ಡವು ಎಷ್ಟವ, ಎಣಸು ನೋಡೋಣ" ಎಂದಳು. ಅವಳು ಆ ಕಲ್ಲಿಗೆ ಒರಗಿ ಕುಳಿತು ಕಣ್ಣಿನಲ್ಲಿಯೇ ಎಣಿಸಿದಳು, ನಾನು ನಡೆದಾಡಿ ಎಣಿಸಿದೆ, ಸೊಸೆ ಕಾಗದದ ಮೇಲೆ ಗುರುತು ಹಾಕಿಕೊಂಡಳು. ಹೊತ್ತು ಮುಳುಗುವವರೆಗೂ ಎಣಿಸಿದೆವು. ಮೂವರಿಗೂ ಬೇರೆ ಬೇರೆ ಸಂಖ್ಯೆ ಬಂದಿತು.